ಹುಲ್ಲಿನ ಮಷೀನಿಗೆ ಹಾಕಿದ ಎಣ್ಣೆ

ಶಿಕಾರಿಪುರದ ಹೊರಗೆ, ಸೊರಬದ ದಾರಿಯಲ್ಲಿ ನಮ್ಮ ಮನೆ. ಮುಂದೆ ಅರ್ಧ ವಾಲಿಬಾಲ್ ಅಂಕಣದಷ್ಟು ಹುಲ್ಲುಹಾಸು ಇದೆ. ಅದನ್ನು ಕತ್ತರಿಸುವ ಲಾನ್ ಮೂವರ್ ನಾವು ಕೊಂಡದ್ದಲ್ಲ. ನನ್ನ ಹೆಂಡತಿಯ ತಮ್ಮ ಸೊರಬದಲ್ಲಿ ಒಂದು ಕಲ್ಯಾಣ ಮಂಟಪದ ಉಸ್ತುವಾರಿ ನೋಡಿಕೊಳ್ಳುತ್ತಾನೆ. ಅಲ್ಲಿನ ಹುಲ್ಲು ಕಿತ್ತು ಟೈಲ್ಸ್ ಹಾಕಿದ ವರ್ಷ ಮಷೀನು ನಮ್ಮ ಮನೆಗೆ ಬಂತು. ಅದರ ಜೊತೆಗಿದ್ದ ಪುಸ್ತಕ ಬರಲಿಲ್ಲ. ಕೇಳಿದಾಗ, ಅಡುಗೆಯವರು ಒಲೆ ಹೊತ್ತಿಸಲು ತೆಗೆದುಕೊಂಡಿರಬೇಕು ಅಂದ.

ಕಾಂಪೌಂಡಿನ ಆಚೆ ಕುರಿ ಸಾಕುವ ಹೆಂಗಸೊಬ್ಬರಿದ್ದಾರೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಅಕ್ಕ ಅನ್ನುತ್ತೇನೆ. ಅವರು ನನ್ನನ್ನು ಪೇಪರ್ನೋರೇ ಎಂದು ಕರೆಯುತ್ತಾರೆ, ಏಕೆಂದರೆ ನಾನು ಬಹಳ ವರ್ಷದಿಂದ ಈ ಎರಡು ತಾಲ್ಲೂಕಿನ ಸುದ್ದಿ ಬರೆಯುವವನು. ಹೋದ ವರ್ಷ ಅವರ ಒಂದು ಕುರಿ ತಾಳಗುಂದದ ಕಡೆಯ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಮೇಯ್ದು ಬಂದು ಸಂಜೆಯೊಳಗೆ ಸತ್ತಿತು. ಬದುವಿನ ಕಳೆಗೆ ಬೆಳಿಗ್ಗೆ ಔಷಧಿ ಹೊಡೆದಿದ್ದರು. ಹೊಲದವರ ಮೇಲೆ ಅಕ್ಕ ಜಗಳಕ್ಕೆ ಹೋಗಲಿಲ್ಲ. "ಹೇಳಬೇಕಿತ್ತಲ್ರಿ, ಒಂದು ಮಾತು ಹೇಳಬೇಕಿತ್ತು" ಎಂದು ತಿಂಗಳುಗಟ್ಟಲೆ ಅಂದುಕೊಂಡರು. ಆಮೇಲೆ ಬದುವಿನ ಹುಲ್ಲನ್ನು ಮುಟ್ಟುವುದೇ ಬಿಟ್ಟರು.

ಈಗ ಅವರಲ್ಲಿ ಉಳಿದಿರುವುದು ಒಂದು ಟಗರು ಮತ್ತು ಒಂದು ಕುರಿ. ಈ ಮಾತು ನಡೆದಾಗ ಕುರಿ ಗಬ್ಬವಾಗಿತ್ತು, ದಿನ ತುಂಬುತ್ತ ಬಂದಿತ್ತು. ಅದಕ್ಕೆ ಹಸಿರು ಅಂತ ಸಿಗುತ್ತಿದ್ದದ್ದು ನಮ್ಮ ಹುಲ್ಲು ಮಾತ್ರ. ಮಷೀನಿನ ಹಿಂದೆ ಕತ್ತರಿಸಿದ ಹುಲ್ಲು ತುಂಬಿಕೊಳ್ಳುವ ಚೀಲವಿದೆ. ಭಾನುವಾರ ಅದನ್ನು ಬಿಚ್ಚಿ ಗೋಡೆಯ ಮೇಲಿಂದ ಕೊಡುತ್ತಿದ್ದೆ.

"ಇಷ್ಟಕ್ಕೆ ಮಷೀನು ಬೇಕೇನ್ರಿ ಪೇಪರ್ನೋರೇ? ಕುಡುಗೋಲು ಕೊಡ್ರಿ, ನಿಮ್ಮ ಚಾ ಕಾಯೋದ್ರೊಳಗ ಮುಗಿಸ್ತೀನಿ."

"ಲೆವೆಲ್ ಬರಲ್ಲ ಅಕ್ಕ."

"ಕುರಿ ಏನು ಲೆವೆಲ್ ಕೇಳ್ತೈತೇನು?"

ಬೇಸಿಗೆ ಪೂರ್ತಿ ಮಷೀನು ಶೆಡ್ಡಿನಲ್ಲಿತ್ತು. ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಒಂದು ಭಾನುವಾರ ಹೊರಗೆ ತಂದು ಹಗ್ಗ ಎಳೆದೆ. ಎಂಜಿನ್ ಕೆಮ್ಮಲೂ ಇಲ್ಲ. ಅಕ್ಕ ಗೋಡೆಯ ಆಚೆ ಕಾಯುತ್ತ ನಿಂತಿದ್ದರು. ಸೊರಬದ ಭಾವಮೈದುನನಿಗೆ ಫೋನ್ ಮಾಡಿದೆ. ಕೈಯಲ್ಲಿ ಹಗ್ಗ ಇದ್ದುದರಿಂದ ಫೋನನ್ನು ಕಟ್ಟೆಯ ಮೇಲಿಟ್ಟು ಸ್ಪೀಕರ್ ಹಾಕಿದ್ದೆ.

"ಎಂತ ಆತು ಭಾವ?"

"ಮಷೀನು ಸ್ಟಾರ್ಟ್ ಆಗ್ತಿಲ್ಲ ಮಾರಾಯ."

"ಎಣ್ಣೆ ನೋಡಿದ್ರಾ? ಎಣ್ಣೆ ಕಮ್ಮಿ ಆಗಿರ್ತದೆ. ಸ್ವಲ್ಪ ಹಾಕಿ, ಎಂತ ಆಗದಿಲ್ಲ."

ನಾನು ಕೇಳಿದ್ದನ್ನು ಬರೆದುಕೊಳ್ಳುವವನು. ಜೇಬಿನ ಪುಸ್ತಕದಲ್ಲಿ "ಎಣ್ಣೆ ಕಮ್ಮಿ, ಹಾಕಬೇಕು" ಎಂದು ಬರೆದೆ. ಅಕ್ಕ ಬರಿಗೈಯಲ್ಲಿ ಹೋದರು.

ಸುದ್ದಿಮನೆಯಲ್ಲಿ ಕಲಿತ ಅಭ್ಯಾಸದಂತೆ ಎರಡನೆಯವರನ್ನೂ ಕೇಳಬೇಕಿತ್ತು. ಸೋಮವಾರ ಬಸ್‌ಸ್ಟ್ಯಾಂಡಿನ ಹಿಂದೆ ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಯಂತ್ರ ರಿಪೇರಿ ಮಾಡುವವರ ಅಂಗಡಿಗೆ ಹೋದೆ. ಮಷೀನು ಸ್ಕೂಟರಿನಲ್ಲಿ ಹಿಡಿಸುವಂಥದ್ದಲ್ಲ, ಬಾಯಲ್ಲೇ ವಿವರಿಸಿದೆ.

"ಹುಲ್ಲು ಕೊಯ್ಯೋ ಮಷೀನೇನ್ರಿ?" ಅಂದರು ಅವರು, ತಲೆ ಎತ್ತದೆ. "ಹಳೇ ಪೆಟ್ರೋಲ್ ಚೆಲ್ಲಿಬಿಡ್ರಿ. ಹೊಸಾ ಪೆಟ್ರೋಲಿಗೆ ಎಣ್ಣೆ ಕಲಸಿ ಹಾಕ್ರಿ. ಎಣ್ಣೆ ಇಲ್ದೆ ಓಡ್ಸಿದ್ರೆ ಎಂಜಿನ್ ಹಿಡ್ಕೊಂತೈತಿ."

"ಎಷ್ಟು ಕಲಸಬೇಕು?"

ಒಂದು ಸಣ್ಣ ಬಾಟಲಿ ಕೊಟ್ಟು ಅದರ ಮುಚ್ಚಳ ತೋರಿಸಿದರು. ಎಷ್ಟು ಎಂದು ನಾನು ಕೇಳಿದ್ದೆ. ಯಾವ ಮಷೀನು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಹೆಗಲಿಗೆ ನೇತುಹಾಕಿಕೊಂಡು ಕಳೆ ಕೊಚ್ಚುವ ಯಂತ್ರ. ಅದಕ್ಕೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ನಮ್ಮದು ನೆಲದ ಮೇಲೆ ತಳ್ಳುವಂಥದ್ದು. ಅದರ ಎಣ್ಣೆಗೆ ಬೇರೆ ಬಾಯಿ, ಪೆಟ್ರೋಲಿಗೆ ಬೇರೆ ಬಾಯಿ. ಇದು ನನಗೆ ಗೊತ್ತಾಗಲು ಇನ್ನೂ ಐದು ದಿನ ಇತ್ತು. ಆ ದಿನ ನನ್ನ ಪುಸ್ತಕದಲ್ಲಿದ್ದದ್ದು ಇಬ್ಬರ ಹೇಳಿಕೆ. ಇಬ್ಬರೂ ಎಣ್ಣೆ ಅಂದಿದ್ದರು. ಹೇಳಿಕೆ ತಾಳೆಯಾಯಿತು ಎಂದುಕೊಂಡೆ.

ಮಂಗಳವಾರ ಮಧ್ಯಾಹ್ನ ಎರಡನ್ನೂ ಮಾಡಿದೆ. ಎಂಜಿನ್ನಿನ ಬಾಯಿಗೆ ಎಣ್ಣೆ ಸುರಿದೆ. ಅಳತೆಯ ಕಡ್ಡಿ ಅದ್ದಿ ನೋಡಿದಾಗ ಗುರುತಿಗಿಂತ ಮೇಲೆ ಬಂದಿತ್ತು. ಕಮ್ಮಿಯಾದರೆ ತೊಂದರೆ ಎಂದು ಹೇಳಿದ್ದರೇ ಹೊರತು ಜಾಸ್ತಿಯಾದರೆ ಏನು ಎಂದು ಯಾರೂ ಹೇಳಿರಲಿಲ್ಲ. ಹಳೆ ಪೆಟ್ರೋಲ್ ತೆಗೆದು ಹೊಸದಕ್ಕೆ ಎಣ್ಣೆ ಕಲಸಿ ತುಂಬಿದೆ. ಪ್ಲಗ್ ಬಿಚ್ಚಿ ಒರೆಸಿದೆ. ಐದನೇ ಎಳೆತಕ್ಕೆ ಎಂಜಿನ್ ಹತ್ತಿಕೊಂಡಿತು, ಬಿಳಿ ಹೊಗೆ ಗೋಡೆಯ ಎತ್ತರಕ್ಕೆ ಎದ್ದಿತು. ಹೆಂಡತಿ ಕಿಟಕಿ ಮುಚ್ಚಿದಳು. ಅರ್ಧ ಹುಲ್ಲು ಕತ್ತರಿಸುವಷ್ಟರಲ್ಲಿ ಮಷೀನು ತಾನಾಗಿ ನಿಂತಿತು.

ಐದೂವರೆಗೆ ಅಕ್ಕ ಬಂದು ಚೀಲ ಒಯ್ದರು. ಮಳೆ ಹನಿ ಬೀಳುತ್ತಿದ್ದುದರಿಂದ ಅದರ ಬಾಯಿ ಬಿಗಿಯಾಗಿ ಕಟ್ಟಿ ತಲೆಯ ಮೇಲಿಟ್ಟುಕೊಂಡರು. ಆಮೇಲೆ ನಾನು ಬ್ಲೇಡಿಗೆ ಏನಾದರೂ ಸಿಕ್ಕಿದೆಯೇ ನೋಡೋಣ ಎಂದು ಮಷೀನನ್ನು ಪಕ್ಕಕ್ಕೆ ಮಲಗಿಸಿದೆ. ಎಣ್ಣೆ ಎಲ್ಲಿಂದಲೋ ಜಿನುಗಿ ಹುಲ್ಲಿನ ಮೇಲೆ ಅಂಗೈಯಗಲ ಹರಡಿತು. ಬ್ಲೇಡಿಗೆ ಏನೂ ಸಿಕ್ಕಿರಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಮಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಅಕ್ಕ ಗೋಡೆಯ ಮೇಲೆ ಎರಡೂ ಕೈ ಇಟ್ಟು ನಿಂತರು.

"ಪೇಪರ್ನೋರೇ, ಎಣ್ಣೆ ಏನಾರ ಹಾಕೀರೇನ್ರಿ?"

ಭಾನುವಾರದ ಫೋನ್ ಮಾತು ಅವರು ಕೇಳಿಸಿಕೊಂಡಿದ್ದರು. ಮಷೀನಿನ ಬಗ್ಗೆ ವಿಚಾರಿಸುತ್ತಿದ್ದಾರೆ ಎಂದುಕೊಂಡೆ.

"ಹಾಕಿದೆ ಅಕ್ಕ. ಎರಡು ಥರದ್ದು ಹಾಕಿದೆ."

"ಎಲ್ಡು ಥರದ್ದು?"

"ಹೂಂ. ಸ್ವಲ್ಪ ಜಾಸ್ತಿನೇ ಆಯ್ತು ಅನ್ಸುತ್ತೆ."

ಗೋಡೆಯ ಮೇಲಿದ್ದ ಕೈ ಕೆಳಗಿಳಿಯಿತು. "ಹೇಳಬೇಕಿತ್ತಲ್ರಿ" ಎಂದದ್ದು ಕೇಳಿಸಿತು. ನಾನು ಎಣ್ಣೆ ಹಾಕಿದ್ದನ್ನು ಅವರಿಗೇಕೆ ಹೇಳಬೇಕಿತ್ತು ಎಂದು ತಿಳಿಯಲಿಲ್ಲ. ಹಾಗೆಂದು ಕೇಳಲು ಎದ್ದಾಗ ಅವರು ಅಲ್ಲಿರಲಿಲ್ಲ.

ಅರ್ಧ ಗಂಟೆಯ ನಂತರ ಹಾಲು ತರಲು ಹೋಗಿದ್ದ ಹೆಂಡತಿ ಹಾಲಿಲ್ಲದೆ ಬಂದಳು.

"ರೀ, ಹುಲ್ಲಿಗೆ ವಿಷ ಹೊಡೆದಿದೀರಾ?"

"ಯಾರಂದ್ರು?"

"ನೀವೇ ಅಂದ್ರಂತೆ. ಎರಡು ಥರದ್ದು ಹೊಡ್ದು, ಜಾಸ್ತಿನೂ ಆಯ್ತು ಅಂತ. ಅಕ್ಕನ ಕುರಿ ಹೊಟ್ಟೆ ಉಬ್ಬಿ ಬಿದ್ದಿತ್ತು, ಆಟೋದಲ್ಲಿ ಹಾಕ್ಕೊಂಡು ದನದ ಆಸ್ಪತ್ರೆಗೆ ಹೋದ್ರು."

ಆಗ ನನಗೆ ಹೊಳೆಯಿತು. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಿಗೂ ಎಣ್ಣೆ ಎಂದೇ ಹೆಸರು. ಎಣ್ಣೆ ಹೊಡೆಯುವುದು, ಎಣ್ಣೆ ಹಾಕುವುದು, ಕಳೆ ಎಣ್ಣೆ. ಈ ಮಾತನ್ನು ನಾನು ವರದಿಗಳಲ್ಲಿ ಎಷ್ಟೋ ಸಲ "ಕಳೆನಾಶಕ" ಎಂದು ತಿದ್ದಿದ್ದೇನೆ. ತಿದ್ದಿದ ಮಾತು ಜನರ ಬಾಯಲ್ಲಿ ಹಾಗೆಯೇ ಉಳಿದಿತ್ತು.

ಆಸ್ಪತ್ರೆಯ ಜಗಲಿಯ ಮೇಲೆ ಕುರಿ ಮಲಗಿತ್ತು. ಎಡಗಡೆಯ ಹೊಟ್ಟೆ ಡೊಳ್ಳಿನಂತೆ ಬಿಗಿದಿತ್ತು. ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ನನ್ನ ಕಡೆ ನೋಡಲಿಲ್ಲ. ವೈದ್ಯೆ ಚಿಕ್ಕ ವಯಸ್ಸಿನವರು. ನನ್ನನ್ನು ಕಂಡ ಕೂಡಲೇ ಕೇಳಿದರು.

"ಯಾವ ಎಣ್ಣೆ ಸರ್? ಬಾಟ್ಲಿ ತಂದಿದೀರಾ? ಅದು ಗೊತ್ತಾದ್ರೆ ಬೇರೆ ಇಂಜೆಕ್ಷನ್ ಕೊಡ್ಬೇಕು. ಬೇಗ ಹೇಳಿ."

"ಹುಲ್ಲಿಗೆ ಹಾಕಿಲ್ಲ. ಮಷೀನಿಗೆ ಹಾಕಿದ್ದು. ಎಂಜಿನ್ ಎಣ್ಣೆ."

"ಹುಲ್ಲಿನ ಮೇಲೆ ಬಿದ್ದಿಲ್ವಾ?"

ಇಲ್ಲ ಎನ್ನಲು ಬಾಯಿ ತೆರೆದವನು ಅಂಗೈಯಗಲದ ಕಲೆಯನ್ನು ನೆನೆದೆ. ಬಿದ್ದದ್ದು ನಿಜ. ಚೀಲದ ಹುಲ್ಲಿಗೆ ಬಿತ್ತೇ? ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಪುಸ್ತಕ ತೆಗೆದೆ. "5.30 ಚೀಲ ಕೊಟ್ಟೆ. 6.00 ಮಷೀನು ಮಲಗಿಸಿದೆ, ಎಣ್ಣೆ ಸೋರಿತು." ಅದನ್ನು ಓದಿ ಹೇಳಿದೆ. ಅಷ್ಟರಮಟ್ಟಿಗೆ ದಾಖಲೆ ಸರಿಯಿತ್ತು. ಅದಕ್ಕೂ ಮೊದಲು ಎಣ್ಣೆ ಹೊಗೆಯಾಗಿ ಹುಲ್ಲಿನ ಮೇಲೆ ಕೂತಿತ್ತೋ, ಹನಿಹನಿಯಾಗಿ ತೊಟ್ಟಿಕ್ಕಿತ್ತೋ ಎಂಬುದು ಪುಸ್ತಕದಲ್ಲಿ ಇರಲಿಲ್ಲ. ಗೊತ್ತಿಲ್ಲ ಎಂದು ಅದನ್ನೂ ಹೇಳಿದೆ.

ಅಕ್ಕ ಸೆರಗಿನಲ್ಲಿ ತಂದಿದ್ದ ಹುಲ್ಲನ್ನು ವೈದ್ಯೆ ಮೂಸಿ, ಬೆರಳಲ್ಲಿ ಉಜ್ಜಿ ನೋಡಿದರು.

"ಅಮ್ಮ, ಈ ಹುಲ್ಲು ರಾತ್ರಿ ಎಲ್ಲಿತ್ತು?"

"ಚೀಲದಾಗೇ ಇತ್ತವ್ವ. ಮಳೆಗೆ ನೆನೀತೈತಿ ಅಂತ ಬಾಯಿ ಕಟ್ಟಿ ಇಟ್ಟಿದ್ದೆ."

"ಬೆಳಿಗ್ಗೆ ಬಿಚ್ಚಿದಾಗ ಬಿಸಿ ಇತ್ತಾ?"

"ಹೌದವ್ವ. ಕೈ ಇಟ್ರೆ ಆಗಷ್ಟೇ ಕಟ್ಟಿದ ಮುದ್ದೆ ಇದ್ದಂಗಿತ್ತು."

ಪುಡಿಯಾದ ಹಸಿ ಹುಲ್ಲು ಚೀಲದಲ್ಲಿ ಕಾವು ಕಟ್ಟಿದೆ, ಹಸಿದ ಕುರಿ ಒಂದೇ ಸಲಕ್ಕೆ ತಿಂದಿದೆ, ಹೊಟ್ಟೆಯಲ್ಲಿ ನೊರೆಗಾಳಿ ತುಂಬಿದೆ. ಇರಬಹುದು ಎಂದರು ವೈದ್ಯೆ, ಖಂಡಿತ ಎನ್ನಲಿಲ್ಲ. ಆಮೇಲೆ ಒಳಗಿನವರಿಗೆ ಕೂಗಿ ಹೇಳಿದರು.

"ಒಂದು ಲೋಟ ಎಣ್ಣೆ ತನ್ನಿ, ಕುಡಿಸೋಣ."

ಅಕ್ಕ ಕುರಿಯ ಬಾಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದರು.

"ಏನವ್ವ ನೀನು ಹೇಳೋದು? ಎಣ್ಣೆಯಿಂದ್ಲೇ ಅಲ್ಲೇನು ಬಿದ್ದಿರೋದು?"

"ಶೇಂಗಾ ಎಣ್ಣೆ ಅಮ್ಮ. ಅಡಿಗೆದು. ನೊರೆ ಒಡೀಲಿಕ್ಕೆ."

"ಮೊದ್ಲು ನೀನು ಕುಡಿ, ನೋಡ್ತೀನಿ."

ವೈದ್ಯೆ ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡರು. ಅಕ್ಕನೂ ನೆಕ್ಕಿ ನೋಡಿದರು. ಲೋಟವನ್ನು ನನ್ನ ಕಡೆ ಚಾಚಿದರು. ನಾನೂ ನೆಕ್ಕಿದೆ. ಮೂವರ ಸಾಕ್ಷಿಯಾದ ಮೇಲೆ ಕುರಿಯ ಬಾಯಿ ಬಿಡಿಸಿ ಕುಡಿಸಿದರು. ಹೊಟ್ಟೆ ನೀವುತ್ತ, ಮುಂಗಾಲು ಎತ್ತರಕ್ಕೆ ಬರುವಂತೆ ಮೆಟ್ಟಿಲ ಮೇಲೆ ನಿಲ್ಲಿಸಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕುರಿ ಒಂದು ದೊಡ್ಡ ತೇಗು ತೇಗಿತು. ಹೊಟ್ಟೆಯ ಮರಿ ಹೇಗಿದೆಯೋ ಈಗಲೇ ಹೇಳಲಾಗದು ಎಂದು ವೈದ್ಯೆ ಹೇಳಿ ಕಳಿಸಿದರು. ಹಿಂದಿರುಗುವಾಗ ಆಟೋದಲ್ಲಿ ಅಕ್ಕ ಕುರಿಯೊಂದಿಗೆ ಮಾತಾಡಿದರು, ನನ್ನೊಂದಿಗೆ ಮಾತಾಡಲಿಲ್ಲ.

ಶನಿವಾರ ಸೊರಬದಿಂದ ಭಾವಮೈದುನ ಬಂದ. ಮಷೀನಿನ ಪಕ್ಕದ ಡಬ್ಬಿ ಬಿಚ್ಚಿ, ಗಾಳಿ ಸೋಸುವ ಸ್ಪಂಜನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಇದೆಂತ ಭಾವ, ಫಿಲ್ಟರಾ, ಬಜ್ಜಿನಾ?"

"ನೀನೇ ಅಲ್ವಾ ಎಣ್ಣೆ ಹಾಕು ಅಂದಿದ್ದು?"

"ಎಣ್ಣೆ ನೋಡಿ ಅಂದೆ. ಕಮ್ಮಿ ಇದ್ರೆ ಹಾಕದು. ಪೆಟ್ರೋಲಿಗೆ ಯಾರು ಹಾಕಕ್ಕೆ ಹೇಳಿದ್ದು?"

ಅವನು ಹೇಳಿದ ಪ್ರಕಾರ, ಮೊದಲಿಗೆ ಕೆಟ್ಟಿದ್ದು ಬೇಸಿಗೆಯಿಡೀ ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಮಾತ್ರ. ಉಳಿದದ್ದೆಲ್ಲ ರಿಪೇರಿಯಿಂದ ಆದದ್ದು. ಹೆಚ್ಚಾದ ಎಣ್ಣೆಯನ್ನು ಡಬ್ಬಕ್ಕೆ ಬಸಿದು ಕಡ್ಡಿಯ ಗುರುತಿಗೆ ತಂದ. ಟ್ಯಾಂಕು ಖಾಲಿ ಮಾಡಿ ಬರೀ ಪೆಟ್ರೋಲ್ ತುಂಬಿದ. ಸ್ಪಂಜನ್ನು ಸೋಪಿನ ನೀರಲ್ಲಿ ಹಿಂಡಿ ನೆರಳಲ್ಲಿ ಒಣಗಿಸಿದೆವು. ಕಪ್ಪಾಗಿದ್ದ ಪ್ಲಗ್ ಉಜ್ಜಿದೆವು. ಮಲಗಿಸುವುದಿದ್ದರೆ ಫಿಲ್ಟರ್ ಇರುವ ಕಡೆ ಮೇಲೆ ಬರಬೇಕು ಎಂದ. ಅದನ್ನು ಬರೆದುಕೊಳ್ಳಲು ಹೊರಟವನು ನಿಲ್ಲಿಸಿ, ಯಾವ ಕಡೆ ಎಂದು ಕೈ ಇಟ್ಟು ತೋರಿಸಲು ಹೇಳಿದೆ.

ಭಾನುವಾರ ಎರಡನೇ ಎಳೆತಕ್ಕೆ ಎಂಜಿನ್ ಹತ್ತಿತು. ಹೊಗೆ ಇರಲಿಲ್ಲ. ಎಣ್ಣೆ ಚೆಲ್ಲಿದ್ದ ಜಾಗವನ್ನು ಮೊದಲೇ ಅಗೆದು ತೆಗೆದಿದ್ದೆ. ಚೀಲದ ಹುಲ್ಲನ್ನು ಗೋಣಿತಾಟಿನ ಮೇಲೆ ತೆಳುವಾಗಿ ಹರಡಿ, ಅಕ್ಕ ಬರುತ್ತಾರೋ ಇಲ್ಲವೋ ಎಂದು ಕಟ್ಟೆಯ ಮೇಲೆ ಕೂತೆ. ಹುಲ್ಲು ಬಾಡುವಷ್ಟು ಹೊತ್ತಾಯಿತು.

ಅವರು ಬಂದದ್ದು ಟಗರನ್ನು ಹಗ್ಗದಲ್ಲಿ ಹಿಡಿದುಕೊಂಡು, ಗೇಟಿನಿಂದ.

"ಕುರಿ ಹೇಗಿದೆ ಅಕ್ಕ?"

"ನಿನ್ನೆ ಸಂಜೆ ಮರಿ ಹಾಕ್ತು. ಹೆಣ್ಣುಮರಿ. ಇನ್ನೂ ಸಣಕ್ಲೈತಿ." ಗೋಣಿತಾಟಿನ ಮುಂದೆ ಕೂತು ಹುಲ್ಲನ್ನು ಮೂಸಿದರು. "ಎಣ್ಣೆ?"

"ಮಷೀನಿನ ಒಳಗೆ ಮಷೀನಿನ ಎಣ್ಣೆ ಇದೆ. ಹುಲ್ಲಿಗೆ ಯಾವ ಎಣ್ಣೆನೂ ಹಾಕಿಲ್ಲ. ಕಳೆ ಎಣ್ಣೆ ಈ ಮನೆಯಲ್ಲೇ ಇಲ್ಲ."

"ಹಂಗ್ ಬಿಡಿಸಿ ಹೇಳ್ಬೇಕ್ರಿ. ಪೇಪರ್ನಾಗ ಬರ್ಯೋರು ನೀವು."

ಒಂದು ಹಿಡಿ ಹುಲ್ಲು ತೆಗೆದು ಟಗರಿನ ಮುಂದಿಟ್ಟರು. ಅದು ತಿಂದಿತು. ಅವರು ಅದರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತರು.

"ನಂಬಿಕೆ ಬರಲಿಲ್ವಾ ಅಕ್ಕ?"

"ಬಂತ್ರಿ. ಟಗರಿಗೂ ಬರ್ಲಿ ಅಂತ."

ಅದು ತಮಾಷೆಯೋ ಅಲ್ಲವೋ ಅವರ ಮುಖದಿಂದ ತಿಳಿಯಲಿಲ್ಲ. ಹೆಂಡತಿ ಚಹಾ ತಂದಳು. ಕುಡಿದು ಮುಗಿಸುವವರೆಗೂ ಅವರ ಕೈ ಟಗರಿನ ಹೊಟ್ಟೆಯ ಮೇಲೆಯೇ ಇತ್ತು. ಆಮೇಲೆ ಉಳಿದ ಹುಲ್ಲನ್ನು ಸೆರಗಿಗೆ ತುಂಬಿಕೊಂಡು, ಬಾಣಂತಿಗೆ ಹೊತ್ತಾಯಿತು ಎಂದು ಎದ್ದರು. ಚೀಲ ಬೇಕೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದರು.