ದೊಡ್ಡಮ್ಮ ಹೌಸಿ ಆಡಿದ ಶನಿವಾರಗಳು

ಭದ್ರಾವತಿ ಕ್ವಾರ್ಟರ್ಸಲ್ಲಿ ಶನಿವಾರ ಮಧ್ಯಾಹ್ನ ಅಂದ್ರೆ ಹೌಸಿ, ಅದೇ ತಂಬೋಲಾ. ಜಾಗ ನಮ್ಮ ದೊಡ್ಡಮ್ಮನ ಮನೆ ಜಗಲಿ. ಆಡೋರು ಅಕ್ಕಪಕ್ಕದ ಹತ್ತು ಹನ್ನೆರಡು ಹೆಂಗಸ್ರು. ಒಂದೇ ಆಟ, ಆಮೇಲೆ ಕಾಫಿ. ಗೆದ್ದೋರಿಗೆ ಒಂದು ಸ್ಟೀಲ್ ಡಬ್ಬಿ, ಇಲ್ಲಾಂದ್ರೆ ತೆಂಗಿನಕಾಯಿ. ಚೀಲಕ್ಕೆ ಕೈ ಹಾಕಿ ಒಂದರಿಂದ ತೊಂಬತ್ತರವರೆಗಿನ ನಂಬರ್ ಬಿಲ್ಲೆ ತೆಗೆದು ಕೂಗ್ತಿದ್ದಿದ್ದು ದೊಡ್ಡಮ್ಮ. ನಾನು ಹುಟ್ಟೋಕೆ ಮುಂಚಿಂದಾನೂ ಅವರೇ. ಕೂಗೋರು ಆಡೋ ಹಾಗಿಲ್ವಲ್ಲ, ಅದಕ್ಕೆ ಅಷ್ಟು ವರ್ಷದಲ್ಲಿ ಅವರು ಒಂದ್ಸಲಾನೂ ಆಡಿರ್ಲಿಲ್ಲ.

ಅಲ್ಲಿ ಟಿಕೆಟ್ ಖಾಯಂ. ಹಳೇ ಮದುವೆ ಕಾರ್ಡುಗಳ ಹಿಂದೆ ದೊಡ್ಡಮ್ಮ ಯಾವಾಗ್ಲೋ ನಂಬರ್ ಬರೆದು ಹಂಚಿದ್ದು. ಅವರವರ ಟಿಕೆಟ್ ಅವರವರ ಮನೇಲಿ, ಜಾತಕ ಇಟ್ಟ ಹಾಗೆ ಜೋಪಾನ. ಬದಲಾಯಿಸೋ ಮಾತೇ ಇಲ್ಲ. ಕೂಗಿದ ನಂಬರಿನ ಮೇಲೆ ಗೀಟು ಹಾಕೋ ಹಾಗಿಲ್ಲ, ಹುಣಸೆ ಬೀಜ ಇಡೋದು.

ಆಗ ನಾನು ಶಿವಮೊಗ್ಗದಲ್ಲಿ ಬಿಕಾಂ ಓದ್ತಾ, ವಿದ್ಯಾನಗರದ ಮನೇಲಿ ಒಬ್ಳೇ ಕೂತು ಸಿ ಅನ್ನೋ ಕಂಪ್ಯೂಟರ್ ಭಾಷೆ ಕಲೀತಿದ್ದೆ. ಸವಳಂಗ ರಸ್ತೆ ಅಂಗಡೀಲಿ ತಗೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ದೊಡ್ಡ ಸಾಫ್ಟ್‌ವೇರ್ ಹಾಕಿದ್ರೆ ಉಸಿರೇ ನಿಲ್ಲಿಸೋದು. ಅದಕ್ಕೆ ಪುಕ್ಕಟೆ ಸಿಗೋ ಲಿನಕ್ಸ್, ಒಂದು ಕಪ್ಪು ಕಿಟಕಿ, ಅಷ್ಟೇ. ಆ ಕಿಟಕೀಲಿ ಜಿಸಿಸಿ ಅಂತ ಟೈಪ್ ಮಾಡಿ ಪ್ರೋಗ್ರಾಮ್ ಬರೆದ ಫೈಲ್ ಹೆಸರು ಕೊಟ್ರೆ ಅದು ಪರೀಕ್ಷೆ ಮಾಡಿ, ತಪ್ಪಿದ್ರೆ ಎಷ್ಟನೇ ಸಾಲು ಅಂತ ಹೇಳಿ ಬೈಯೋದು. ತಪ್ಪಿಲ್ಲ ಅಂದ್ರೆ ಒಂದು ಮಾತೂ ಇಲ್ಲ, ಸುಮ್ನೆ ಮುಂದಿನ ಸಾಲಲ್ಲಿ ಕಣ್ಣು ಮಿಟುಕಿಸ್ತಾ ಕೂರೋದು. ಆ ಸುಮ್ನಿರೋದಿದ್ಯಲ್ಲ, ಅದಕ್ಕೋಸ್ಕರ ನಾನು ಊಟಾನೂ ಮರೀತಿದ್ದೆ. ಈಗ ಒಳ್ಳೇ ಲ್ಯಾಪ್‌ಟಾಪ್ ಇದೆ, ಆದ್ರೂ ಮೊದ್ಲು ತೆಗೆಯೋದು ಆ ಕಪ್ಪು ಕಿಟಕೀನೇ.

ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದು ಬಿಲ್ಲೆ ಮೇಲಿನ ಆರು, ಒಂಬತ್ತು ಒಂದೇ ಥರ ಕಾಣೋಕೆ ಶುರುವಾಯ್ತು. ನಾನು ಸಿಕ್ಕಿದ್ದೇ ಚಾನ್ಸು ಅಂತ ಹೌಸಿ ಪ್ರೋಗ್ರಾಮ್ ಬರೆದೆ. ಎಂಟರ್ ಒತ್ತಿದ್ರೆ ಒಂದು ನಂಬರ್, ಇನ್ನೊಂದ್ಸಲ ಒತ್ತಿದ್ರೆ ಇನ್ನೊಂದು. ಬಂದ ನಂಬರೇ ಮತ್ತೆ ಬರ್ತಿತ್ತು, ಅದನ್ನ ಸರಿ ಮಾಡೋಕೆ ನಾಲ್ಕು ದಿನ. ಆಮೇಲೆ ತೊಂಬತ್ತೂ ಬಂತಾ ಅಂತ ಕೊನೇ ಸಾಲು ಮಾತ್ರ ನೋಡ್ತಿದ್ದೆ. ಮೊದಲ ನಂಬರ್ ಯಾವುದು ಬರ್ತಿದೆ ಅಂತ ಒಂದು ದಿನಾನೂ ಗಮನಿಸ್ಲಿಲ್ಲ.

ಲ್ಯಾಪ್‌ಟಾಪ್ ಮಡಿಲಲ್ಲಿ ಮಗು ಥರ ಇಟ್ಕೊಂಡು ಭದ್ರಾವತಿ ಬಸ್ ಹತ್ತಿದೆ. ಬ್ಯಾಟರಿ ಸತ್ತಿತ್ತು, ಒಳಗಿನ ಪ್ಲಗ್ಗಿಂದ ಕಿಟಕಿ ಮೂಲಕ ವಯರ್ ಎಳೆದು ಜಗಲೀಲಿ ನಂಬರ್ ಕೂಗೋಕೆ ಕೂತೆ. ಕ್ವಾರ್ಟರ್ಸ್ ಬಿಟ್ಟು ಓಲ್ಡ್ ಟೌನಿಗೆ ಹೋದೋರೊಬ್ಬರ ಟಿಕೆಟ್ ಖಾಲಿ ಉಳಿದಿತ್ತು. ದೊಡ್ಡಮ್ಮ ಅದನ್ನ ಹಿಡ್ಕೊಂಡು, ಹೊಸ ಸೊಸೆ ಥರ ಸೆರಗು ಸರಿ ಮಾಡ್ಕೊಂಡು, ಮೊದಲನೇ ಸಲ ಆಡೋಕೆ ಕೂತ್ರು. ಟಿಕೆಟ್ಟಿನ ಎಲ್ಲಾ ನಂಬರೂ ಮೊದ್ಲು ತುಂಬಿ ಫುಲ್ ಹೌಸ್ ಅವರಿಗೇ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದ್ರು.

ಮುಂದಿನ ಶನಿವಾರಾನೂ ಅವರಿಗೇ ಬಂತು. ಈ ಸಲ ಚಪ್ಪಾಳೆ ಇಲ್ಲ.

ಎದುರು ಮನೆ ಆಂಟಿ, ತಮಿಳ್ನೋರು, ದೊಡ್ಡಮ್ಮನ ಜೊತೆ ಇಪ್ಪತ್ತು ವರ್ಷ ಸಾರು-ಪಲ್ಯ ಬದಲಾಯಿಸ್ಕೊಂಡೋರು, ಟಿಕೆಟ್ ಮಡಿಚಿಟ್ಟು ಮೆಲ್ಲಗೆ ಹೇಳಿದ್ರು: "ಅಕ್ಕಾ, ಹೋದ್ ವಾರಾನೂ ನೀವೇ, ಈ ವಾರಾನೂ ನೀವೇ. ಕಂಪ್ಯೂಟರ್ ನಿಮ್ ತಂಗಿ ಮಗಳದ್ದೇ ಅಲ್ವಾ."

ದೊಡ್ಡಮ್ಮ ಗೆದ್ದ ಎರಡೂ ಡಬ್ಬಿ ತಂದು ಮಧ್ಯ ಇಟ್ರು. ಚೀಲ ಅವರ ಕೈಯಲ್ಲಿದ್ದಾಗ ಯಾರೂ ಒಂದು ಮಾತು ಅಂದೋರಲ್ಲ, ನನ್ನ ಪ್ರೋಗ್ರಾಮ್ ಬಂದು ಎರಡೇ ವಾರಕ್ಕೆ ಕಳ್ಳಿ ಅನ್ನಿಸ್ಕೊಳ್ಳೋ ಹಾಗಾಯ್ತು. ಇನ್ನು ಆ ಜಗಲಿಗೆ ಯಾರು ಬರ್ತಾರೆ? ಪ್ರೋಗ್ರಾಮ್ ಮತ್ತೆ ಓಡಿಸಿದೆ. ಎಪ್ಪತ್ನಾಲ್ಕು, ಹದಿನೇಳು, ಇಪ್ಪತ್ತೆಂಟು. ನಿಲ್ಲಿಸಿ ಇನ್ನೊಂದ್ಸಲ ಓಡಿಸಿದೆ. ಎಪ್ಪತ್ನಾಲ್ಕು, ಹದಿನೇಳು, ಇಪ್ಪತ್ತೆಂಟು. ಚೀಲ ಅಲ್ಲಾಡಿಸು ಅಂತ ನಾನು ಕಂಪ್ಯೂಟರಿಗೆ ಹೇಳೇ ಇರ್ಲಿಲ್ಲ. ಹೇಳ್ದೇ ಇದ್ರೆ ಅದು ಪ್ರತಿ ಸಲ ಅದೇ ಸಾಲನ್ನೇ ಒಪ್ಪಿಸುತ್ತೆ, ಟಿಕೆಟ್ ಬದಲಾಗಲ್ಲ, ಗೆಲ್ಲೋರೂ ಬದಲಾಗಲ್ಲ. ತಪ್ಪು ನಂದೇ ಅಂತ ಎಲ್ಲರ ಮುಂದೆ ಹೇಳಿದೆ. ಯಾರ ಮುಖಾನೂ ಸಡಿಲ ಆಗ್ಲಿಲ್ಲ.

ದೊಡ್ಡಮ್ಮ ತಮ್ಮ ಟಿಕೆಟ್ ಎತ್ತಿ ಆಂಟಿ ಕೈಗೆ ಕೊಟ್ರು. "ಇದು ನೀನ್ ಹಿಡ್ಕೋ, ನಿಂದು ನಂಗ್ ಕೊಡು." ನನ್ನ ಕಡೆ ತಿರುಗಿ, "ಇನ್ನೊಂದ್ ಆಟ ಓಡ್ಸು ಮಾರಾಯ್ತಿ."

ಓಡಿಸಿದೆ. ಅದೇ ನಂಬರು, ಅದೇ ಸಾಲು. ಫುಲ್ ಹೌಸ್ ಆಂಟಿಗೆ. ಆಂಟಿ ಟಿಕೆಟ್ ನೋಡ್ತಾ ಕೂತೇ ಇದ್ರು.

"ಈಗ ಇವಳಿಗೆ ಯಾವ ತಂಗಿ ಮಗಳು ಬರೆದ್ಕೊಟ್ಳು?" ಅಂದ್ರು ಮೂಲೆ ಮನೆ ಅಜ್ಜಿ. ಆಮೇಲೆ ನನ್ನ ನೋಡಿ, "ಮೋಸ ಮಾಡೋಕೂ ಬುದ್ಧಿ ಬೇಕು ಕಣ್ರೇ. ಈ ಹುಡುಗಿಗೆ ಅಷ್ಟಿಲ್ಲ."

ಜಗಲಿ ಪೂರ್ತಿ ನಕ್ಕಿತು. ನನ್ನ ದಡ್ಡತನಕ್ಕೆ ಅಷ್ಟು ಮರ್ಯಾದೆ ಮತ್ತೆ ಯಾವತ್ತೂ ಸಿಕ್ಕಿಲ್ಲ. ಅಲ್ಲೇ ಕೂತು ಒಂದು ಸಾಲು ಸೇರಿಸಿದೆ, ಪ್ರತಿ ಸಲ ಗಡಿಯಾರ ನೋಡಿ ಹೊಸದಾಗಿ ಚೀಲ ಅಲ್ಲಾಡಿಸು ಅಂತ. ಹೆಂಗಸ್ರೆಲ್ಲ ಬಗ್ಗಿ ನೋಡ್ತಿದ್ರು. ಜಿಸಿಸಿ ಅಂತ ಕೊಟ್ಟೆ. ಅದು ಏನೂ ಅನ್ಲಿಲ್ಲ. ಎಂಟರ್ ಮಾತ್ರ ನಾನು ಒತ್ತಲ್ಲ, ಆಂಟೀನೇ ಒತ್ಲಿ ಅಂದೆ. ಅವರು ಒಲೆ ಮುಟ್ಟೋ ಹಾಗೆ ಬೆರಳು ಇಟ್ರು. ಐವತ್ತೊಂದು ಬಂತು.

ಆ ಆಟದಲ್ಲಿ ದೊಡ್ಡಮ್ಮಂಗೆ ಒಂದು ಸಾಲೂ ಆಗ್ಲಿಲ್ಲ. ಹೊತ್ತು ಬೇರೆ ಇಳಿದಿತ್ತು, ಅವರ ಕಣ್ಣಿಗೆ ಟಿಕೆಟ್ ಸರಿಯಾಗಿ ಕಾಣ್ತಾನೂ ಇರ್ಲಿಲ್ಲ. ಆಂಟಿ ಜರುಗಿ ಬಂದು ಪಕ್ಕದಲ್ಲೇ ಕೂತು, ತಮ್ಮ ಟಿಕೆಟ್ ಕೆಳಗಿಟ್ಟು, ಕೊನೇವರೆಗೂ ದೊಡ್ಡಮ್ಮನ ನಂಬರುಗಳ ಮೇಲೆ ಹುಣಸೆ ಬೀಜ ಇಡ್ತಾ ಹೋದ್ರು.