ಮುಳ್ಳಿಲಿಗೆ ಈಜು ಬರುತ್ತೆ

“ಅಕ್ಕಾ, ಬೇಗ ಬಾ, ಅದಕ್ಕೆ ಈಜು ಬರಲ್ಲ” ಅಂತ ಕೂಗಿಕೊಂಡೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. ಕೃಷಿ ಹೊಂಡದ ಅಂಚಿಗೆ ನಿಂತು ಬಗ್ಗಿ ನೋಡಿದಳು. ಮುಳ್ಳಿಲಿ ಈಜುತ್ತಿತ್ತು. ಮೂತಿ ಮೇಲೆತ್ತಿಕೊಂಡು, ಪುಟ್ಟ ಕಾಲು ಬಡಿಯುತ್ತಾ, ಚೆನ್ನಾಗಿಯೇ ಈಜುತ್ತಿತ್ತು.

“ಬರಲ್ಲ ಅಂತ ನಿಂಗ್ಯಾರೋ ಹೇಳಿದ್ದು?” ಅಂದಳು.

ಏನು ಹೇಳಲಿ? ವಿಡಿಯೋ ಗೇಮ್ ಹೇಳಿತ್ತು ಅನ್ನಲೇ?

ತಾಯಲೂರಿನ ಹತ್ತಿರ ನಮ್ಮ ಪದ್ಮಕ್ಕನ ತೋಟ. ಹಿಪ್ಪುನೇರಳೆ, ರೇಷ್ಮೆಹುಳು, ಒಂದಿಷ್ಟು ಟೊಮೆಟೊ. ಹೋದ ತಿಂಗಳು ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊಂಡದ ಕಡೆ ನಡೆದಾಗ ಕಂಡದ್ದು ಇದು. (ಕಾಡಿನ ದೊಡ್ಡ ಮುಳ್ಳುಹಂದಿಯಲ್ಲ. ಮುಷ್ಟಿ ಗಾತ್ರದ್ದು. ಮುಟ್ಟಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ.)

ನನ್ನ ವಯಸ್ಸಿನವರಿಗೆ ಈ ಪ್ರಾಣಿಯ ಪರಿಚಯ ಆಗಿದ್ದು ಹೊಲದಲ್ಲಲ್ಲ, ಟಿವಿಯಲ್ಲಿ. ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅಲ್ಲಿ ನೀಲಿ ಬಣ್ಣದ, ಕೆಂಪು ಶೂ ತೊಟ್ಟ ಒಂದು ಮುಳ್ಳಿಲಿ ಬಿರುಗಾಳಿಯ ಹಾಗೆ ಓಡುತ್ತಿತ್ತು. (ಹೆಸರು ಹೇಳಲ್ಲ. ಆಡಿದವರಿಗೆ ಹೇಳಬೇಕಾಗಿಯೂ ಇಲ್ಲ.) ಅದರ ಕಥೆಯನ್ನು ಆಮೇಲೆ ಓದಿ ತಿಳಿದುಕೊಂಡೆ. ಎದುರಾಳಿ ಕಂಪನಿಯ ಹೀರೋನನ್ನು ಮಣಿಸಲು ಜಪಾನಿನ ಕಂಪನಿಯೊಂದಕ್ಕೆ ತನ್ನದೇ ಒಂದು ಪ್ರಾಣಿ ಬೇಕಿತ್ತಂತೆ. ಮೊದಲು ಕಿವಿಯಲ್ಲೇ ವಸ್ತು ಹಿಡಿದು ಎಸೆಯುವ ಮೊಲ ಅಂದುಕೊಂಡರಂತೆ. ನಿಂತು ಎತ್ತಿ ಎಸೆಯುವಷ್ಟರಲ್ಲಿ ಓಟ ನಿಧಾನ ಆಗುತ್ತಲ್ಲ? ಹಾಗಾಗಿ ಮೊಲ ಹೋಯಿತು, ಸುತ್ತಿಕೊಂಡು ಉರುಳಿಯೇ ಹೊಡೆಯಬಲ್ಲ ಮುಳ್ಳಿಲಿ ಬಂತು. ಬಣ್ಣ ನೀಲಿ, ಕಂಪನಿಯ ಬಣ್ಣ.

ಆದರೆ ಅದನ್ನು ರೂಪಿಸಿದವರಲ್ಲೊಬ್ಬರು ಈ ಜಾತಿಗೆ ಈಜು ಬರಲ್ಲ ಅಂತಲೇ ನಂಬಿದ್ದರಂತೆ. ಹಾಗಾಗಿ ನೀರಿಗೆ ಬಿದ್ದರೆ ನಮ್ಮ ಹೀರೋ ಕಲ್ಲು. ಮುಳುಗುವ ಮುಂಚೆ ಒಂದು ಸಂಗೀತ ಬರುತ್ತಿತ್ತು ನೋಡಿ, ಎದೆ ಢವಢವ. ಆ ಭಾನುವಾರ ಹೊಂಡದ ಅಂಚಿನಲ್ಲಿ ನನ್ನ ಕಿವಿಯಲ್ಲಿ ಮೊಳಗುತ್ತಿದ್ದದ್ದು ಅದೇ.

ನೀರು ತೊಂದರೆ ಅಲ್ಲ ಅಂತ ಅಕ್ಕನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ತೊಂದರೆ ದಡ. ಹೊಂಡಕ್ಕೆ ಹಾಸಿದ ಕಪ್ಪು ಪ್ಲಾಸ್ಟಿಕ್ ಪಾಚಿ ಕಟ್ಟಿ ನುಣ್ಣಗಾಗಿತ್ತು. ಮುಳ್ಳಿಲಿ ಹತ್ತುತ್ತಿತ್ತು, ಜಾರುತ್ತಿತ್ತು, ಮತ್ತೆ ಒಂದು ಸುತ್ತು ಈಜಿ ಬರುತ್ತಿತ್ತು. ರಾತ್ರಿಯೆಲ್ಲ ಇದೇ ಮಾಡಿತ್ತೋ ಏನೋ. ಮೂತಿ ಆಗಾಗ ನೀರಿಗೆ ಇಳಿಯುತ್ತಿತ್ತು.

ಅಕ್ಕ ಹುಳುಮನೆಯಿಂದ ಒಂದು ಚಂದ್ರಿಕೆ ತಂದಳು. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ, ಹೆಚ್ಚುಕಡಿಮೆ ಒಂದು ಚಾಪೆಯಷ್ಟು ದೊಡ್ಡದು. ಅದಕ್ಕೆ ಹಗ್ಗ ಕಟ್ಟಿ ಇಳಿಜಾರಿಗೆ ಜಾರಿಬಿಟ್ಟೆವು. ಮುಳ್ಳಿಲಿ ಅದರ ಹತ್ತಿರ ಬಂತು, ಮೂಸಿತು, ಹೊರಟೇಹೋಯಿತು. ಇನ್ನೊಂದು ಸುತ್ತು ಬಂದ ಮೇಲೆ ಬಿದಿರಿಗೆ ಉಗುರು ಸಿಕ್ಕಿತು. ಒಂದೊಂದೇ ಪಟ್ಟಿ ಹಿಡಿದು ಮೇಲೆ ಬಂದು, ನಮ್ಮನ್ನು ಕಂಡದ್ದೇ ಚೆಂಡಾಯಿತು.

ಅಷ್ಟರಲ್ಲಿ ಪಕ್ಕದ ಹೊಲದ ಮುನಿಯಪ್ಪ ತಾತ ಬಂದರು. ನೋಡಿದವರೇ ಹೆಗಲ ಮೇಲಿದ್ದ ಟವಲ್ ಹಾಸಿ ಅದನ್ನು ಸುತ್ತಿಕೊಂಡರು.

“ಪಾಪಂಗೆ ದಗ್ಗು ಹಿಡಿದೈತಮ್ಮ. ದೇವ್ರೇ ಕಳ್ಸವ್ನೆ, ನಂಗ್ ಕೊಟ್ಬುಡು” ಅಂದರು.

ಪಾಪ ಅಂದರೆ ಮೊಮ್ಮಗಳು ಗಂಗಾ. ದಗ್ಗು ಅಂದರೆ ಕೆಮ್ಮು. (ನಮ್ಮ ಕಡೆ ಕೆಮ್ಮೂ ತೆಲುಗಿನಲ್ಲೇ ಬರುತ್ತದೆ.) ಇದರ ಮುಳ್ಳು ಸುಟ್ಟು ಜೇನಿನಲ್ಲಿ ಕಲಸಿ ನೆಕ್ಕಿಸಿದರೆ ನಾಯಿಕೆಮ್ಮೂ ಓಡಿಹೋಗುತ್ತದೆ ಅನ್ನುವುದು ತಾತನ ನಂಬಿಕೆ. ಅವರಪ್ಪನ ನಂಬಿಕೆಯೂ ಅದೇ. ನಾನು ಮೂಢನಂಬಿಕೆ, ವಿಜ್ಞಾನ ಅಂತ ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ಸುಮ್ಮನಿರಿಸಿದಳು. ತಾತನ ಮುಖ ನೋಡಿದರೆ ಅವರೂ ರಾತ್ರಿ ಮಲಗಿದ ಹಾಗಿರಲಿಲ್ಲ. ಕೆಮ್ಮುವ ಮಗುವಿನ ಪಕ್ಕ ಯಾರಿಗೆ ನಿದ್ದೆ ಬರುತ್ತದೆ?

“ತಾತ, ಇದೂ ರಾತ್ರಿಯೆಲ್ಲ ಜೀವಕ್ಕೆ ಒದ್ದಾಡೈತೆ. ಇದನ್ನ ಬಿಟ್ಬಿಡಿ. ನಮ್ ತಮ್ಮ ಪಾಪನ್ನ ಕಾರಲ್ಲಿ ಮುಳಬಾಗ್ಲಿಗೆ ಕರ್ಕೊಂಡ್ ಹೋಗ್ತಾನೆ, ಡಾಕ್ಟ್ರಿಗೆ ತೋರಿಸ್ಕೊಂಡ್ ಬನ್ನಿ” ಅಂದಳು.

ನಮ್ ತಮ್ಮನನ್ನು ಯಾರೂ ಕೇಳಲಿಲ್ಲ ಅನ್ನುವುದನ್ನು ಗಮನಿಸಿ.

ತಾತ ಟವಲಿನ ಅಂಚು ಸರಿಸಿ ನೋಡಿದರು. ಟವಲಿನಲ್ಲಿದ್ದ ಮುಳ್ಳಿನ ಚೆಂಡು ಸಣ್ಣಗೆ ಉಸಿರಾಡುತ್ತಿತ್ತು. ಕೊನೆಗೆ ತಾವೇ ಬೇಲಿಯ ಬುಡಕ್ಕೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಟವಲ್ ಬಿಡಿಸಿದರು. ಮುಳ್ಳಿಲಿ ಓಡಲಿಲ್ಲ. ಮೂತಿ ಹೊರಹಾಕಿ, ಆಲೋಚಿಸಿ, ಪಿಂಚಣಿದಾರರ ಹಾಗೆ ನಿಧಾನಕ್ಕೆ ಪೊದೆಯೊಳಗೆ ನಡೆದುಹೋಯಿತು.

ಮುಳಬಾಗಿಲಿನಲ್ಲಿ ಡಾಕ್ಟರ್ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಇನ್ನೂ ಮುಂಚೆ ಬರಬೇಕಿತ್ತು ಅಂತ ಸಣ್ಣಗೆ ಗದರಿದರು. ಔಷಧಿ ಬರೆದರು, ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಔಷಧಿಗೆ ಕಾಯುವಾಗ ಗಂಗಾಗೆ ಮೊಬೈಲಿನಲ್ಲಿ ನೀಲಿ ಮುಳ್ಳಿಲಿ ತೋರಿಸಿದೆ. ತಾತನೂ ಬಗ್ಗಿ ನೋಡಿದರು. ಶೂ ಹಾಕಿದ್ದು ಅವರಿಗೆ ಒಪ್ಪಿಗೆಯಾಯಿತು, ಹೊಲದಲ್ಲಿ ಮುಳ್ಳು ಜಾಸ್ತಿಯಂತೆ. ಗಂಗಾ ಕೆಮ್ಮುತ್ತಲೇ ನಕ್ಕಳು.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಕೆಮ್ಮು ನಿಂತು, ಮಗು ಅಂಗನವಾಡಿಗೆ ಹೋಗುತ್ತಿದೆಯಂತೆ. ತಾತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರಂತೆ, ಮುಳ್ಳಿಲಿಯ ಪ್ರಾಣ ಉಳಿಸಿದ್ದಕ್ಕೇ ಪಾಪ ವಾಸಿಯಾಯಿತು ಅಂತ. ಡಾಕ್ಟರ ಹೆಸರಿಲ್ಲ, ನನ್ನ ಪೆಟ್ರೋಲಿನ ಹೆಸರಂತೂ ಇಲ್ಲವೇ ಇಲ್ಲ. ಹೋದ ವಾರ ಯಾರದೋ ಟೊಮೆಟೊ ಹೊಲದಲ್ಲಿ ಇನ್ನೊಂದು ಸಿಕ್ಕಾಗ, ಊರವರೇ ಜೋಪಾನವಾಗಿ ಬೇಲಿ ದಾಟಿಸಿ ಬಂದರಂತೆ.

ಕೊಂದರೆ ಔಷಧಿ ಅನ್ನುತ್ತಿದ್ದ ಊರು ಈಗ ಉಳಿಸಿದರೆ ಔಷಧಿ ಅನ್ನುತ್ತಿದ್ದರೆ, ವಿಜ್ಞಾನ ಹೇಳಿಕೊಂಡು ಅದನ್ನು ತಿದ್ದಲು ಹೋಗುವ ದಡ್ಡ ಯಾರು?