ಕೆಂಪು ಬಣ್ಣ ಬಳಿದ ಇಂಜಿನ್

ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಅಲ್ಲಿ ಒಂದು ನಿಯಮವಿತ್ತು. ತಿರಸ್ಕರಿಸಿದ ಭಾಗಕ್ಕೆ ಮೊದಲು ಕೆಂಪು ಬಣ್ಣ ಬಳಿಯಬೇಕು. ಆಮೇಲೆ ಅದರ ನಂಬರಿನ ಮೇಲೆಯೇ ಗರಗಸ ಹಾಯಿಸಿ ಎರಡು ತುಂಡು ಮಾಡಬೇಕು. ಇಲ್ಲದಿದ್ದರೆ ಯಾರಾದರೂ ಬಣ್ಣ ಒರೆಸಿ, ಎಣ್ಣೆ ಸವರಿ, ಅದನ್ನು ಮತ್ತೆ ಯಂತ್ರಕ್ಕೆ ಕೂರಿಸಿಬಿಡುತ್ತಾರೆ ಎಂಬ ಭಯ. ಆ ನಿಯಮವನ್ನು ನಾನು ಒಮ್ಮೆಯೂ ಮೀರಿದವನಲ್ಲ. ಇದನ್ನು ಮೊದಲೇ ಹೇಳಬೇಕು. ಮುಂದೆ ನಡೆದದ್ದಕ್ಕೆ ನನ್ನ ಬಳಿ ಬೇರೆ ಕಾರಣವಿಲ್ಲ.

ನಿವೃತ್ತನಾದ ಮೇಲೆ ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಶೆಡ್ ಹಿಡಿದು ಹಳೆಯ ವಾಹನಗಳ ರಿಪೇರಿ ಶುರುಮಾಡಿದೆ. ಕಳೆದ ವರ್ಷ ನಮ್ಮ ಹಳೆಯ ಫೋರ್‌ಮನ್ ಅಲ್ಲಿಗೆ ತಮ್ಮ ಕಾರು ತಂದರು. ತಂದರು ಎನ್ನುವುದು ಪೂರ್ತಿ ಸರಿಯಲ್ಲ. ಮಗಳು ಸ್ಟೀರಿಂಗ್ ಹಿಡಿದಿದ್ದಳು, ಇಬ್ಬರು ಆಟೋದವರು ಹಿಂದಿನಿಂದ ತಳ್ಳುತ್ತಿದ್ದರು, ಫೋರ್‌ಮನ್ ಪಕ್ಕದ ಸೀಟಿನಲ್ಲಿ ಮದುವೆ ಗಂಡಿನ ಹಾಗೆ ನೆಟ್ಟಗೆ ಕೂತಿದ್ದರು.

ಅದು ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ಕಡು ಹಸಿರು ಬಣ್ಣದ ಸ್ಪೋರ್ಟ್ಸ್ ಕಾರು. ಅವರು ಯೌವನದಲ್ಲಿ ಅದನ್ನು ಚಕ್ರವೂ ಇಲ್ಲದ ಸ್ಥಿತಿಯಲ್ಲಿ ಕೊಂಡು, ತಾವೇ ಒಂದೊಂದು ಭಾಗ ಜೋಡಿಸಿ ಓಡುವಂತೆ ಮಾಡಿದ್ದರು. ಒಂದು ಸ್ಕ್ರೂ ಕೂಡ ಬೇರೆ ಅಳತೆಯದು ಹಾಕಿದವರಲ್ಲ. ಸಿಗದಿದ್ದರೆ ತಾವೇ ಲೇತಿನಲ್ಲಿ ಕಡೆದುಕೊಳ್ಳುತ್ತಿದ್ದರು. ಕೆಲಸದಲ್ಲಿದ್ದಾಗ ನಾನೇ ಒಮ್ಮೆ ಹೇಳಿದ್ದೆ, “ಸಾರ್, ಒಂದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ಬಿಡಿ. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ.”

“ನಿಮ್ಮಜ್ಜಿಗೂ ಹೊಸ ಮಂಡಿ ಹಾಕ್ಸಿ ಓಟದ ಪಂದ್ಯಕ್ಕೆ ಕಳಿಸ್ತೀಯೇನಯ್ಯ?” ಎಂದಿದ್ದರು. ಟೂಲ್‌ರೂಮಿನವರೆಲ್ಲ ನಕ್ಕಿದ್ದರು.

ಈಗ ಮಂಡಿ ಕೈಕೊಟ್ಟಿದ್ದು ಅವರಿಗೇ. ಕ್ಲಚ್ ತುಳಿಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ಮಗಳ ಪಕ್ಕ ಕೂತು ನೆಲಮಂಗಲದವರೆಗೆ ಹೋಗಿ, ಇಡ್ಲಿ ತಿಂದು ಬರುವುದಷ್ಟೇ ಉಳಿದಿತ್ತು.

“ಜಾಲಹಳ್ಳಿ ಕ್ರಾಸ್ ಸಿಗ್ನಲ್‌ನಲ್ಲಿ ಮೂರನೇ ಸಲ ನಿಂತೋಯ್ತು ಅಂಕಲ್,” ಎಂದಳು ಮಗಳು. “ಹಿಂದೆ ಬಸ್ಸಿನವ್ನು ಬೈತಿದಾನೆ, ಇವ್ರು ನೋಡಿದ್ರೆ ಚೋಕ್ ಎಳಿ, ಚೋಕ್ ತಳ್ಳು ಅಂತ ಪಾಠ ಮಾಡ್ತಿದಾರೆ. ಹೊಸ ಇಂಜಿನ್ ಹಾಕ್ಕೊಡಿ. ಇಲ್ಲಾಂದ್ರೆ ಇದು ಮನೇಲೇ ನಿಂತಿರ್ಲಿ, ನನ್ ಕೈಲಿ ಆಗಲ್ಲ.”

ಫೋರ್‌ಮನ್ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟರು. ಆಮೇಲೆ ನನ್ನನ್ನು ಹತ್ತಿರ ಕರೆದರು.

“ಮಾಡಯ್ಯ. ಆದ್ರೆ ಎಲ್ಲೂ ಒಂದು ತೂತು ಕೊರೀಬಾರ್ದು. ಬಿಚ್ಚಿದ್ದು ಒಂದೊಂದೂ ಇಟ್ಟಿರ್ಬೇಕು. ನಾನು ಹೋದ್ಮೇಲೆ ಇವಳಿಗೋ ಇನ್ಯಾರಿಗೋ ಮನಸ್ಸು ಬಂದ್ರೆ, ಇದು ಮೊದಲಿದ್ದ ಹಾಗೇ ಆಗ್ಬೇಕು.”

“ಆಗುತ್ತೆ ಸಾರ್,” ಎಂದೆ.

ಕೆಲಸ ಚೆನ್ನಾಗಿಯೇ ನಡೆಯಿತು. ಹೊಸ ಇಂಜಿನ್ನನ್ನು ಹಳೆಯ ತೂತುಗಳಿಗೇ ಹೊಂದುವಂಥ ಬ್ರಾಕೆಟ್ ಮಾಡಿ ಕೂರಿಸಿದೆ. ಆರ್‌ಟಿಓ ಅನುಮತಿಯನ್ನು ಮಗಳೇ ಮಾಡಿಸಿದಳು. ಬಿಚ್ಚಿದ ಬೋಲ್ಟುಗಳನ್ನು ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದೆ. ಕಾರ್ಬ್ಯುರೇಟರ್, ಡೈನಮೊ, ಗೇರ್‌ಬಾಕ್ಸ್, ಎಲ್ಲವನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟೆ. ಕೊನೆಗೆ ಉಳಿದದ್ದು ಇಂಜಿನ್ನಿನ ಎರಕದ ಬ್ಲಾಕ್, ಉಳಿದ ಭಾಗಗಳೆಲ್ಲ ಕೂರುವ ಕಬ್ಬಿಣದ ಒಡಲು.

ಒಳಗಿಡುವ ಮುನ್ನ ಅದನ್ನು ತೊಳೆದೆ. ಸೀಮೆಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿರುಕಿದ್ದರೆ ಒಳಗಿನ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಏಳುತ್ತದೆ. ಎದ್ದಿತು. ಅದರ ಮೇಲೆ ಕೆತ್ತಿದ್ದ ಇಂಜಿನ್ ನಂಬರಿನ ಹತ್ತಿರದಿಂದ ಕೆಳಕ್ಕೆ, ಗೇಣುದ್ದ, ತೀರ ಮಸುಕು ಗೆರೆ. ಅದರುದ್ದಕ್ಕೂ ಸಣ್ಣ ದುಂಡು ಗುರುತುಗಳಿದ್ದವು. ಅವನ್ನೂ ನೋಡಿದೆ. ಎರಕದ ದೋಷ ಅಂದುಕೊಂಡೆ.

ಇಟ್ಟರೆ ಮುಂದೆ ಯಾರೋ ತಿಳಿಯದೆ ಕೂರಿಸುತ್ತಾರೆ, ನೀರು ಸೋರಿ ದಾರಿಯಲ್ಲಿ ಇಂಜಿನ್ ಕಾದು ಹಿಡಿದುಕೊಳ್ಳುತ್ತದೆ, ಆಗ ಆ ಹುಡುಗಿ ಒಬ್ಬಳೇ ಇರಬಹುದು. ಹೀಗೆಲ್ಲ ಯೋಚಿಸಿ ಮಾಡಿದೆ ಎಂದು ಈಗ ಹೇಳಬಹುದಿತ್ತು. ನಿಜವೆಂದರೆ ನಾನು ಏನನ್ನೂ ಯೋಚಿಸಲಿಲ್ಲ. ಕೆಂಪು ಬಣ್ಣದ ಡಬ್ಬಿ ತೆಗೆದೆ, ಬಳಿದೆ, ಪಕ್ಕದ ಶೆಡ್ಡಿನ ದೊಡ್ಡ ಗರಗಸದ ಯಂತ್ರಕ್ಕೆ ಬ್ಲಾಕನ್ನು ಕಟ್ಟಿದೆ. ನಂಬರು ಸರಿಯಾಗಿ ಅಲಗಿನ ಕೆಳಗೆ ಬರುವಂತೆ ಎರಡು ಸಲ ಸರಿಸಿ ನೋಡಿದೆ. ಜೇಬಿನಲ್ಲಿ ಫೋನಿತ್ತು, ಅವರನ್ನು ಒಂದು ಮಾತು ಕೇಳಬಹುದಿತ್ತು. ಮಧ್ಯಾಹ್ನ ಗುಜರಿಯವನು ಬಂದು ಎರಡೂ ತುಂಡು ಒಯ್ದ.

ಎಂಟು ದಿನದ ಮೇಲೆ ಅಪ್ಪ ಮಗಳು ಬಂದರು. ಕೀ ತಿರುಗಿಸಿದ ಕೂಡಲೇ ಕಾರು ಸ್ಟಾರ್ಟ್ ಆಯಿತು. ಮಗಳು ನಕ್ಕಳು. ಫೋರ್‌ಮನ್ ಕಿವಿಗೊಟ್ಟು ಕೇಳಿ, “ಹೊಲಿಗೆ ಮಿಷನ್ ಕೂತಂಗಿದೆ ಕಣಮ್ಮ. ಇರ್ಲಿ, ನಿಲ್ಲಲ್ಲವಲ್ಲ,” ಎಂದರು. ಆಮೇಲೆ ಸಾಮಾನು ತೋರಿಸು ಎಂದರು. ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿ, “ಇನ್‌ಸ್ಪೆಕ್ಟರ್ ಸಾಹೇಬ್ರು ಬದಲಾಗಿಲ್ಲ,” ಎಂದು ನನ್ನ ಬೆನ್ನು ತಟ್ಟಿದರು.

“ಬ್ಲಾಕ್ ಎಲ್ಲಯ್ಯ?”

“ಅದು ರಿಜೆಕ್ಟ್ ಸಾರ್. ಬಿರುಕು ಬಿಟ್ಟಿತ್ತು.”

“ಬಿಟ್ಟಿತ್ತು. ನಿನಗೆ ಈಗ ಗೊತ್ತಾಯ್ತು. ನನಗೆ ಇವಳು ಹುಟ್ಟೋಕ್ಮುಂಚೆ ಗೊತ್ತು.” ಅವರಿನ್ನೂ ನಗುತ್ತಲೇ ಇದ್ದರು. “ಕೊಂಡಾಗಲೇ ಸೀಳಿತ್ತು ಕಣಯ್ಯ. ಬಿರುಕಿನುದ್ದಕ್ಕೂ ತೂತು ಕೊರೆದು, ಒಳಗೆ ಸ್ಕ್ರೂ ಥ್ರೆಡ್ ಕೊಯ್ದು, ಪಿನ್ ತಿರುಗಿಸಿ ಕೂರ್ಸಿದೀನಿ. ಹದಿನೇಳು ಪಿನ್ನು. ಒಂದರ ಅಂಚು ಇನ್ನೊಂದು ಹಿಡ್ಕೊಂಡಿರೋ ಹಾಗೆ. ಮೂರು ತಿಂಗಳು ಹಿಡೀತು. ಅಲ್ಲಿಂದ ಒಂದು ಹನಿ ಸೋರಿಲ್ಲ. ತೆಗಿ, ತೋರಿಸ್ತೀನಿ.”

ನಾನು ತೆಗೆಯಲಿಲ್ಲ. ಅವರು ನನ್ನ ಮುಖ ನೋಡಿದರು.

“ಕೊಯ್ದುಬಿಟ್ಟೆಯಾ?”

“ಹೂಂ ಸಾರ್.”

“ನಂಬರ್ ಮೇಲೆ?”

“ಹೂಂ.”

ಅವರು ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಮುಚ್ಚಿದರು. “ರೂಲ್ ಹಾಗೇ ಇದ್ದದ್ದು,” ಎಂದರು. ಬಯ್ಯಲಿಲ್ಲ. ಮಗಳು, “ಏನಾಯ್ತಪ್ಪ?” ಎಂದು ಕೇಳಿದಾಗ, “ಏನಿಲ್ಲ, ನಡಿ, ಹೊತ್ತಾಯ್ತು,” ಎಂದು ಕಾರು ಹತ್ತಿದರು.

ಮರುದಿನ ಬೆಳಿಗ್ಗೆ ಗುಜರಿ ಅಂಗಡಿಗೆ ಓಡಿದೆ. ಒಂದು ತುಂಡು ಆಗಲೇ ಕುಲುಮೆಗೆ ಹೋಗಿತ್ತು. ಇನ್ನೊಂದು ರಾಶಿಯ ಅಡಿಯಲ್ಲಿತ್ತು. ನಂಬರಿನ ಕೊನೆಯ ಮೂರು ಅಂಕಿ ಅದರಲ್ಲಿ ಉಳಿದಿವೆ. ತಂದು ಶೆಡ್ಡಿನ ಕಿಟಕಿಯ ಬಳಿ ಇಟ್ಟಿದ್ದೇನೆ.

ಕಾರು ಈಗಲೂ ಭಾನುವಾರಗಳಲ್ಲಿ ನೆಲಮಂಗಲಕ್ಕೆ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ ಎಂದು ಮಗಳು ಫೋನ್ ಮಾಡಿದಾಗ ಹೇಳುತ್ತಾಳೆ. ಡಬ್ಬಿಗಳನ್ನು ಒಯ್ಯಲು ಅವರಿನ್ನೂ ಬಂದಿಲ್ಲ. ಕೇಳಿದರೆ, “ಅಲ್ಲೇ ಇರ್ಲಿ ಅಂತಾರೆ ಅಂಕಲ್,” ಎನ್ನುತ್ತಾಳೆ.

ಆ ತುಂಡಿನ ಕೊಯ್ದ ಮುಖವನ್ನು ನಾನು ಮಸೂರ ಹಿಡಿದು ನೋಡಿದ್ದೇನೆ. ಗರಗಸ ಒಂದು ಪಿನ್ನಿನ ನಡುವೆಯೇ ಹಾದುಹೋಗಿದೆ. ಅದರ ಥ್ರೆಡ್ಡಿನ ಸುತ್ತುಗಳನ್ನು ಎಣಿಸಬಹುದು. ಎರಕಕ್ಕೂ ಪಿನ್ನಿಗೂ ನಡುವೆ ಕೂದಲಿನಷ್ಟೂ ಸಂದಿಲ್ಲ. ಕಾರ್ಖಾನೆಯಲ್ಲಿ ಅಂಥದ್ದು ನನ್ನ ಮೇಜಿಗೆ ಬಂದಿದ್ದರೆ, ಎರಡನೇ ಸಲ ನೋಡದೆ ಪಾಸ್ ಮುದ್ರೆ ಒತ್ತುತ್ತಿದ್ದೆ.